ಜೋಳದ ಗರಿಯ ಮೇಲೆ ಕಡಲ ಮೊಲ: ವಿಜ್ಞಾನ ಪ್ರದರ್ಶನಕ್ಕೊಂದು ಮಾದರಿ

ಕಡಲಿಂದ ದೂರವಿರುವ ಕಲಬುರಗಿಯ ಮಕ್ಕಳಿಗೆ ಕಡಲಹುಲ್ಲಿನ ಜೀವಲೋಕವನ್ನು ತೋರಿಸಲು ಹಿಂಗಾರಿ ಜೋಳದ ಹಸಿರು ಗರಿಯೇ ಸಾಕು. ಗರಿಯನ್ನು ಉದ್ದಕ್ಕೆ ಸೀಳಿ, ಒಂದು ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಸಣ್ಣ ಕಡ್ಡಿಗಳ ಆಸರೆಯಲ್ಲಿ ಮರಳಿನ ತಟ್ಟೆಯಲ್ಲಿ ನಿಲ್ಲಿಸಬೇಕು.

ಅದರ ಮೇಲೆ ಕೂರಿಸುವ ಜೀವಿ ಫಿಲಾಪ್ಲೀಸಿಯಾ ಟೇಲರಿ. 1900ರಲ್ಲಿ ಹೆಸರು ಪಡೆದ ಈ ಕಡಲ ಮೊಲ, ಅಂದರೆ ಬಸವನಹುಳುವಿನ ಬಳಗದ ಮೆತ್ತನೆಯ ಕಡಲಜೀವಿ, ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ಎಲೆಗಳ ಮೇಲೆ ಬದುಕುತ್ತದೆ. ಉಪ್ಪು ಬೆರೆಸಿದ ಮೈದಾ ಕಣಕವನ್ನು ಮೂರು ಸೆಂಟಿಮೀಟರ್ ಉದ್ದಕ್ಕೆ, ಪಟ್ಟಿಯಷ್ಟೇ ಅಗಲಕ್ಕೆ ಚಪ್ಪಟೆಯಾಗಿ ತಟ್ಟಬೇಕು. ಮೈ ಉಬ್ಬಿದರೆ ಮಾದರಿಯ ಅರ್ಥವೇ ಕೆಡುತ್ತದೆ. ಹಚ್ಚ ಹಸಿರು ಬಳಿದು, ಅದು ಒಣಗಿದ ಮೇಲೆ ಕಪ್ಪು ಮತ್ತು ಬಿಳಿ ಗೆರೆಗಳನ್ನು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಎಳೆದಾಗ, ಅವು ಗರಿಯ ನರಗಳ ಸಾಲಿಗೆ ಕೂಡಿಕೊಂಡು ಹುಳು ಮರೆಯಾಗುವ ಬಗೆ ಮಕ್ಕಳ ಕಣ್ಣಿಗೇ ಕಾಣುತ್ತದೆ.

ಹುಳು ಹುಲ್ಲನ್ನು ಮೇಯುತ್ತದೆಂದು ಫಲಕದಲ್ಲಿ ಬರೆಯಬೇಡಿ. ಎಲೆಗೆ ಅಂಟಿದ ಡಯಾಟಮ್‌ಗಳಂಥ ಸೂಕ್ಷ್ಮ ಪಾಚಿಯನ್ನು ಅದು ಕೆರೆದು ತಿನ್ನುವುದರಿಂದ ಹುಲ್ಲಿಗೆ ಬೆಳಕು ಹೆಚ್ಚು ದೊರೆಯುತ್ತದೆ. ನನ್ನ ಮಟ್ಟಿಗೆ ನಿಧಾನವಾಗಿ ವಿವರಿಸಬೇಕಾದ ಸಂಗತಿ ಇದೇ.

ಪಕ್ಕದ ಪಟ್ಟಿಯಲ್ಲಿ ಫೆವಿಕಾಲನ್ನು ಚೌಕವಾಗಿ ತೆಳ್ಳಗೆ ಸವರಿ ಗಸಗಸೆ ಉದುರಿಸಿದರೆ ಹುಳುವಿನ ಮೊಟ್ಟೆಗಳು ಒತ್ತಾಗಿ ಕೂಡಿದ ತೆಳು ಪೊರೆ ಸಿದ್ಧ. ಆ ಮೊಟ್ಟೆಗಳಿಂದ ಈಜುವ ಲಾರ್ವಾ ಬರುವುದಿಲ್ಲ, ತೆವಳುವ ಮರಿಯೇ ಬರುತ್ತದೆ.

ಗರಿ ಬೇಗ ಬಾಡುವುದರಿಂದ ಪ್ರದರ್ಶನದ ದಿನ ಬೆಳಿಗ್ಗೆಯೇ ಕೊಯ್ದು, ಜೋಡಿಸುವವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.