ತೋಳಮನುಷ್ಯರ ಪ್ರೇಮಕಥೆ ಬರೆಯುವವರಿಗೆ: ಮೊದಲು ಹುಣ್ಣಿಮೆ ಗುರುತು ಹಾಕಿಕೊಳ್ಳಿ

ಹುಣ್ಣಿಮೆ ರಾತ್ರಿ ತೋಳವಾಗಿ ಬದಲಾಗುವ ತೋಳಮನುಷ್ಯರ ಪ್ರೇಮಕಥೆಯನ್ನು ಸಣ್ಣ ಊರಲ್ಲಿ ಇಟ್ಟು ಬರೀತಿದ್ದರೆ, ಕಥೆ ನಡೆಯುವ ವರ್ಷದ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆಗಳನ್ನೆಲ್ಲ ಮೊದಲೇ ಗುರುತು ಮಾಡಿ. ಭೇಟಿ, ಜಗಳ, ಮದುವೆಯ ದಿನಗಳನ್ನು ಅದಕ್ಕೆ ತಕ್ಕ ಹಾಗೆ ಕೂರಿಸಿ. ಹುಣ್ಣಿಮೆಗಳ ನಡುವೆ ಸುಮಾರು 29.5 ದಿನ ಇರುತ್ತದೆ, ಹಾಗಾಗಿ ತಾರೀಖು ಪ್ರತಿ ತಿಂಗಳೂ ಜಾರುತ್ತದೆ. ಶನಿವಾರದ ಸಂತೆಯ ದಿನವೇ ಹುಣ್ಣಿಮೆ ಬಿದ್ದರೆ ನಾಯಕ ಏನು ನೆಪ ಹೇಳಬೇಕು ಅನ್ನೋದು ತಾನಾಗೇ ಹುಟ್ಟುತ್ತದೆ. ಸಣ್ಣ ಊರಲ್ಲಿ ನಾಯಕ ಪ್ರತಿ ಹುಣ್ಣಿಮೆಗೂ ತನ್ನ ಬೇಕರಿ ಬಾಗಿಲು ಹಾಕಿದರೆ ಎದುರುಮನೆಯವರು ಸುಮ್ನೆ ಇರ್ತಾರಾ? ಇನ್ನೊಂದು ಲಾಭವೂ ಇದೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡುತ್ತಾನೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಮೂರು ದಿನ ಬಿಟ್ಟು ಸಂಜೆಯಲ್ಲೇ ಬೆಳದಿಂಗಳು ಸುರಿಸಿದರೆ ಓದುಗರು ಹಿಡಿದುಬಿಡ್ತಾರೆ. ಅಲಾಸ್ಕಾದಂಥ ಉತ್ತರದ ಊರಾದರೆ ಬೇಸಿಗೆಯ ಹುಣ್ಣಿಮೆ ಚಂದ್ರ ತುಂಬಾ ಕೆಳಗೇ ಸಾಗುತ್ತಾನೆ, ಚಳಿಗಾಲದಲ್ಲಿ ಎತ್ತರಕ್ಕೆ ಏರುತ್ತಾನೆ. ಬೇಟೆಯ ದೃಶ್ಯ ಚಳಿಗಾಲಕ್ಕೆ ಇಟ್ಟರೆ ಚೆನ್ನ, ನನ್ನ ಪ್ರಕಾರ.

ರೂಪ ಬದಲಿಸುವ ಎಲ್ಲ ಪಾತ್ರಗಳಿಗೂ ಈ ಹುಣ್ಣಿಮೆ ಲೆಕ್ಕ ನಡೆಯಲ್ಲ. ಸ್ಕಾಟ್ಲೆಂಡಿನ ಓರ್ಕ್ನಿ, ಶೆಟ್ಲೆಂಡ್ ದ್ವೀಪಗಳ ಜನಪದ ಕಥೆಗಳ ಸೆಲ್ಕಿ ತನ್ನ ಸೀಲ್ (ಕಡಲಪ್ರಾಣಿ) ಚರ್ಮ ಕಳಚಿ ಮನುಷ್ಯಳಾಗುತ್ತಾಳೆ. ಅಲ್ಲಿ ಕಥೆ ನಿಲ್ಲುವುದು ಆ ಚರ್ಮವನ್ನು ಯಾರು ಬಚ್ಚಿಟ್ಟರು ಅನ್ನೋದರ ಮೇಲೆ. ನಮ್ಮ ಇಚ್ಛಾಧಾರಿ ನಾಗಗಳಿಗೂ ಹುಣ್ಣಿಮೆಯ ಕಟ್ಟು ಬೇಕಿಲ್ಲ, ಹೆಸರಲ್ಲೇ ಇದೆ ಅಲ್ವಾ. ಮತ್ತೆ, ನಮ್ಮ ಪಂಚಾಂಗ ಭಾರತದ ಸಮಯದ್ದು. ಅಮೆರಿಕದ ಊರಾದರೆ ಹುಣ್ಣಿಮೆ ಒಂದು ದಿನ ಹಿಂದಿನ ತಾರೀಖಿಗೆ ಬರಬಹುದು, ಅಲ್ಲಿನ ಸಮಯ ಹಾಕಿ ನೋಡಿಕೊಳ್ಳಿ.