ಕೊಲಂಬಿಯಾದಲ್ಲಿ ಸಂಚರಿಸುವುದು ಹೇಗೆ: ಪ್ರಾಂತ್ಯ ನೋಡಿ, ಹೊತ್ತು ನೋಡಿ

ಕೊಲಂಬಿಯಾ ಎಂದೊಡನೆ ಬಹಳ ಮಂದಿಗೆ ಮೊದಲು ನೆನಪಾಗುವುದು ಕೊಕೇನ್, ಮಾದಕವಸ್ತು ದಂಧೆಯ ದೊರೆ ಪಾಬ್ಲೊ ಎಸ್ಕೊಬಾರ್ ಮತ್ತು ಅಪಹರಣ. ಈ ಅಪಕೀರ್ತಿಗೆ ಕಾರಣವಿಲ್ಲದೆ ಇಲ್ಲ. 1991ರಲ್ಲಿ ಮೆಡೆಯಿನ್ ನಗರದಲ್ಲಿ ಲಕ್ಷ ಜನಸಂಖ್ಯೆಗೆ 380ರ ಆಸುಪಾಸಿನಷ್ಟು ಕೊಲೆಗಳು ನಡೆದಿದ್ದವು. 1985ರಿಂದ 2018ರವರೆಗಿನ ಸಶಸ್ತ್ರ ಸಂಘರ್ಷದಲ್ಲಿ ಕನಿಷ್ಠ 4,50,664 ಮಂದಿ ಪ್ರಾಣ ಕಳೆದುಕೊಂಡರೆಂದು ಆ ದೇಶದ ಸತ್ಯ ಆಯೋಗವೇ 2022ರಲ್ಲಿ ವರದಿ ಮಾಡಿತು. ಆದರೆ ಎಸ್ಕೊಬಾರ್ 1993ರಲ್ಲೇ ಹತನಾದ. ದಶಕಗಳ ಕಾಲ ತನ್ನ ವಿರುದ್ಧ ಹೋರಾಡಿದ ಫಾರ್ಕ್ ಬಂಡುಕೋರರೊಂದಿಗೆ ಸರ್ಕಾರ 2016ರಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡಿತು. ಪ್ರವಾಸಿಗರು ಸಾಮಾನ್ಯವಾಗಿ ಹೋಗುವ ಊರುಗಳಲ್ಲಿ ಇಂದು ಎದುರಾಗುವ ತೊಂದರೆ ಬಹುಪಾಲು ಮೊಬೈಲ್ ಕಳ್ಳತನ ಮತ್ತು ಬೆದರಿಸಿ ಹಣ ಕಸಿಯುವುದಕ್ಕೆ ಸೀಮಿತವಾಗಿದೆ. ಹಾಗೆಂದು, ಎಲ್ಲವೂ ಬದಲಾಗಿದೆ, ಎಲ್ಲಿ ಬೇಕಾದರೂ ಹೋಗಬಹುದು ಎಂದು ಭರವಸೆ ಕೊಡುವವರ ಮಾತನ್ನು ನಾನು ಒಪ್ಪಲಾರೆ. ಅಲ್ಲಿನ ಅಪಾಯ ದೇಶದುದ್ದಕ್ಕೂ ಒಂದೇ ಸಮನಾಗಿ ಹರಡಿಲ್ಲ. ಅದು ಪ್ರಾಂತ್ಯಕ್ಕೆ, ಬೀದಿಗೆ, ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಪ್ರವಾಸದ ಯೋಜನೆಯನ್ನೂ ಅದೇ ಲೆಕ್ಕದಲ್ಲಿ ಮಾಡಬೇಕು.

ಮೊದಲ ಕೆಲಸ ನಕ್ಷೆಯನ್ನು ಪ್ರಾಂತ್ಯವಾರು ನೋಡುವುದು. ಹೋಗಬೇಕೆಂದಿರುವ ಊರುಗಳನ್ನು ಬರೆದುಕೊಂಡು, ಅವು ಯಾವ ಪ್ರಾಂತ್ಯದಲ್ಲಿವೆ, ಒಂದರಿಂದ ಮತ್ತೊಂದಕ್ಕೆ ಹೋಗುವ ರಸ್ತೆ ಯಾವ ಪ್ರಾಂತ್ಯಗಳನ್ನು ಹಾದುಹೋಗುತ್ತದೆ ಎಂಬುದನ್ನು ಗುರುತಿಸಿ. ವಿದೇಶಾಂಗ ಇಲಾಖೆಗಳ ಪ್ರಯಾಣ ಸೂಚನೆಗಳಲ್ಲಿ ದೇಶಕ್ಕೆ ಕೊಟ್ಟಿರುವ ಒಟ್ಟು ಅಪಾಯದ ಶ್ರೇಣಿಗಿಂತ ಒಳಗಿನ ಪ್ರಾಂತ್ಯಗಳ ಪಟ್ಟಿ ಹೆಚ್ಚು ಉಪಯುಕ್ತ. ವೆನೆಜುವೆಲಾ ಗಡಿಯ ಅರೌಕಾ ಪ್ರಾಂತ್ಯ ಮತ್ತು ಕಟಟುಂಬೊ ಪ್ರದೇಶ, ನೈರುತ್ಯದ ಕೌಕಾ ಮತ್ತು ನರಿನ್ಯೊ ಪ್ರಾಂತ್ಯಗಳ ಗ್ರಾಮಾಂತರ ಭಾಗಗಳು, ಪೆಸಿಫಿಕ್ ಕರಾವಳಿಯ ಚೊಕೊ ಪ್ರಾಂತ್ಯದ ಬಹುಭಾಗ, ಪನಾಮಾ ಗಡಿಯ ಡೇರಿಯೆನ್ ಕಾಡು: ಇವುಗಳಲ್ಲಿ ಇಎಲ್‌ಎನ್ ಬಂಡುಕೋರರು, ಒಪ್ಪಂದವನ್ನು ಒಪ್ಪದ ಫಾರ್ಕ್ ಬಣಗಳು ಮತ್ತು ಮಾದಕವಸ್ತು ಸಾಗಣೆದಾರರು ಇಂದಿಗೂ ಸಕ್ರಿಯರಾಗಿದ್ದಾರೆ. 2025ರ ಜನವರಿಯಲ್ಲಿ ಕಟಟುಂಬೊದಲ್ಲಿ ನಡೆದ ಕಾದಾಟದಿಂದ ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟು ಓಡಬೇಕಾಯಿತು. ಅದೇ ವೇಳೆಗೆ ಕೆರಿಬಿಯನ್ ಕರಾವಳಿಯ ಕಾರ್ಟಹೇನಾ ನಗರದ ಕೋಟೆಗೋಡೆಗಳ ಮೇಲೆ ಪ್ರವಾಸಿಗರು ಎಂದಿನಂತೆ ಸಂಜೆಯ ಗಾಳಿಗೆ ಅಡ್ಡಾಡುತ್ತಿದ್ದರು. ಎರಡೂ ಒಂದೇ ದೇಶದ ಸುದ್ದಿಗಳು ಎಂಬುದನ್ನು ಮರೆಯದಿರುವುದೇ ಯೋಜನೆಯ ತಳಹದಿ.

ಮೊದಲ ಬಾರಿ ಹೋಗುವವರಿಗೆ ರಾಜಧಾನಿ ಬೊಗೊಟಾ, ಕಾಫಿ ಸೀಮೆ, ಮೆಡೆಯಿನ್, ಕೆರಿಬಿಯನ್ ಕರಾವಳಿ ಎಂಬ ಕ್ರಮ ಸಲೀಸು. ದೇಶ ಸಮಭಾಜಕ ವೃತ್ತಕ್ಕೆ ಹತ್ತಿರವಿರುವುದರಿಂದ ಹವೆಯನ್ನು ನಿರ್ಧರಿಸುವುದು ತಿಂಗಳಿಗಿಂತ ಹೆಚ್ಚಾಗಿ ಎತ್ತರ. ಬೊಗೊಟಾ 2,640 ಮೀಟರ್ ಎತ್ತರದಲ್ಲಿದೆ. ವರ್ಷವಿಡೀ ಅಲ್ಲಿ ಸ್ವೆಟರ್ ಬೇಕು, ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಸುಮಾರು 1,500 ಮೀಟರಿನ ಮೆಡೆಯಿನ್ ಹಿತವಾಗಿರುತ್ತದೆ; ಕಾರ್ಟಹೇನಾದಲ್ಲಿ ಬೆವರು ನಿಲ್ಲುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ಮತ್ತು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಕಡಿಮೆ. ಸೋಮವಾರಕ್ಕೆ ಮುಂದೂಡಲಾಗುವ ಸಾರ್ವಜನಿಕ ರಜೆಗಳು ಅಲ್ಲಿ ಬಹಳ ಇರುವುದರಿಂದ, ಅಂಥ ವಾರಾಂತ್ಯಗಳಲ್ಲಿ ಬಸ್ಸು ಮತ್ತು ವಸತಿಗೆ ಮುಂಚೆಯೇ ಕಾಯ್ದಿರಿಸಿ.

ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಕೊಲಂಬಿಯಾದ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ವಲಸೆ ತಪಾಸಣೆಗೆ ಬೇಕಾದ ಚೆಕ್-ಮಿಗ್ ಎಂಬ ಉಚಿತ ಆನ್‌ಲೈನ್ ನಮೂನೆಯನ್ನು ವಿಮಾನ ಹೊರಡುವ 72 ಗಂಟೆಗಳೊಳಗೆ ತುಂಬಬೇಕು. ಇದಕ್ಕೆ ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ಹಳದಿ ಜ್ವರದ ಲಸಿಕೆಯನ್ನು ಕಡೆಯಪಕ್ಷ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ತೊಲಿಮಾ ಪ್ರಾಂತ್ಯದಲ್ಲಿ ಕಾಯಿಲೆ ಹಬ್ಬಿದ್ದರಿಂದ ಅಲ್ಲಿನ ಸರ್ಕಾರ 2025ರಲ್ಲಿ ಆರೋಗ್ಯ ತುರ್ತುಪರಿಸ್ಥಿತಿ ಘೋಷಿಸಿತ್ತು. ಮೇಲಾಗಿ ಆ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಮರಳಿದರೆ ಕ್ವಾರಂಟೈನ್‌ಗೆ ಒಳಗಾಗಬೇಕಾದೀತು.

ಹಣದ ವಿಚಾರದಲ್ಲಿ ಮೊದಲು ಗೊಂದಲ ಹುಟ್ಟಿಸುವುದು ಬೆಲೆ ಬರೆಯುವ ರೀತಿ. ಅಲ್ಲಿನ ಹಣವಾದ ಪೆಸೊಗೂ ಡಾಲರಿನ ಚಿಹ್ನೆಯನ್ನೇ ಬಳಸುತ್ತಾರೆ, ಸಾವಿರದ ಜಾಗದಲ್ಲಿ ಅಲ್ಪವಿರಾಮದ ಬದಲು ಚುಕ್ಕೆ ಇಡುತ್ತಾರೆ. ಹೀಗಾಗಿ ಊಟದ ಪಟ್ಟಿಯಲ್ಲಿ 18.000 ಎಂದಿದ್ದರೆ ಅದು ಹದಿನೆಂಟು ಸಾವಿರ ಪೆಸೊ. ಇತ್ತೀಚಿನ ವರ್ಷಗಳಲ್ಲಿ ಒಂದು ಅಮೆರಿಕನ್ ಡಾಲರಿಗೆ ನಾಲ್ಕು ಸಾವಿರ ಪೆಸೊ ಆಸುಪಾಸಿನ ದರವಿದೆ ಎಂದಿಟ್ಟುಕೊಂಡರೆ ಮನಸ್ಸಿನಲ್ಲೇ ಲೆಕ್ಕ ಹಾಕಬಹುದು. ಎಟಿಎಂನಿಂದ ಹಣ ತೆಗೆಯುವುದನ್ನು ಹಗಲಿನಲ್ಲಿ, ಮಾಲ್ ಅಥವಾ ಬ್ಯಾಂಕಿನ ಒಳಗೆ ಇಟ್ಟುಕೊಳ್ಳಿ. ಯಂತ್ರ ತನ್ನದೇ ವಿನಿಮಯ ದರ ತೋರಿಸಿ ಒಪ್ಪಿಗೆ ಕೇಳಿದರೆ ನಿರಾಕರಿಸಿ. ಒಂದು ಲಕ್ಷ ಪೆಸೊ ನೋಟಿಗೆ ಸಣ್ಣ ಅಂಗಡಿಗಳಲ್ಲಿ ಚಿಲ್ಲರೆ ಸಿಗುವುದು ಕಷ್ಟ. ಹೋಟೆಲಿನಲ್ಲಿ ಬಿಲ್ಲು ಕೊಡುವ ಮೊದಲು ಶೇಕಡ 10ರ ಸೇವಾ ಮೊತ್ತ ಸೇರಿಸಬಹುದೇ ಎಂದು ಕೇಳುತ್ತಾರೆ. ಅದು ಸ್ವಯಂಪ್ರೇರಿತ, ಬೇಡವೆನ್ನುವ ಹಕ್ಕು ನಿಮಗಿದೆ.

ಬೊಗೊಟಾದಲ್ಲಿ ದಾರಿ ಹುಡುಕುವುದನ್ನು ಮೊದಲ ದಿನವೇ ಕಲಿತುಬಿಟ್ಟರೆ ಬೀದಿಯಲ್ಲಿ ಫೋನ್ ಹಿಡಿದು ನಿಲ್ಲುವ ಪ್ರಮೇಯ ಅರ್ಧಕ್ಕರ್ಧ ತಪ್ಪುತ್ತದೆ, ಮತ್ತು ಫೋನ್ ಕಳೆದುಕೊಳ್ಳುವುದು ಹೆಚ್ಚಾಗಿ ಹಾಗೆ ನಿಂತಾಗಲೇ. ನಗರದ ಪೂರ್ವಕ್ಕೆ ಉದ್ದಕ್ಕೂ ಬೆಟ್ಟಸಾಲು ಇದೆ. ಬೆಟ್ಟಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣಕ್ಕೆ ಸಾಗುವ ರಸ್ತೆಗಳು ಕರೇರಾ. ಬೆಟ್ಟದ ಕಡೆಗೆ ಅಡ್ಡಲಾಗಿ ಹೋಗುವವು ಕಾಯೆ. ವಿಳಾಸ ಕಾಯೆ 10, 5-32 ಎಂದಿದ್ದರೆ ನೀವು ಹತ್ತನೆಯ ಕಾಯೆಯಲ್ಲಿ, ಐದನೆಯ ಕರೇರಾದ ಮೂಲೆಯಿಂದ ಸುಮಾರು 32 ಮೀಟರ್ ದೂರದ ಬಾಗಿಲಿಗೆ ಹೋಗಬೇಕು. ಬೆಟ್ಟ ಕಣ್ಣಿಗೆ ಬಿದ್ದರೆ ಪೂರ್ವ ತಿಳಿಯಿತು, ಎರಡು ಮೂಲೆಗಳ ಸಂಖ್ಯೆ ಓದಿದರೆ ಉಳಿದದ್ದೂ ತಿಳಿಯಿತು. ದೇಶದ ಇತರ ಅನೇಕ ನಗರಗಳಲ್ಲೂ ಇದೇ ಪದ್ಧತಿಯಿದೆ.

ಬೊಗೊಟಾದ ಹಳೆಯ ಬಡಾವಣೆ ಲಾ ಕಂಡೆಲಾರಿಯಾ ಹಗಲಿನಲ್ಲಿ ವಿದ್ಯಾರ್ಥಿಗಳಿಂದ ತುಂಬಿರುತ್ತದೆ. ಕತ್ತಲಾದ ಮೇಲೆ ಅಲ್ಲಿ ನಡೆದಾಡಬೇಡಿ, ಎರಡೇ ಬೀದಿ ದೂರವಾದರೂ ವಾಹನ ಹಿಡಿಯಿರಿ. ಟ್ಯಾಕ್ಸಿಯನ್ನು ರಸ್ತೆಯಲ್ಲಿ ಕೈಯೆತ್ತಿ ನಿಲ್ಲಿಸುವುದಕ್ಕಿಂತ ಆಪ್ ಮೂಲಕ ಅಥವಾ ವಸತಿಗೃಹದವರಿಂದ ಕರೆಸಿಕೊಳ್ಳಬೇಕು. ಪ್ರಯಾಣಿಕರನ್ನು ಕೂರಿಸಿಕೊಂಡು ಎಟಿಎಂನಿಂದ ಎಟಿಎಂಗೆ ಸುತ್ತಿಸಿ ಹಣ ತೆಗೆಸುವ ದಂಧೆ ಅಲ್ಲಿನವರನ್ನೂ ಕಾಡಿದೆ. ಉಬರ್ ಚಾಲಕರು ಮುಂದಿನ ಸೀಟಿನಲ್ಲಿ ಕೂರಲು ಹೇಳಿದರೆ ಗಾಬರಿ ಬೇಡ. ಆ ಸೇವೆಗೆ ಅಲ್ಲಿ ಸ್ಪಷ್ಟ ಕಾನೂನು ಮಾನ್ಯತೆ ಇಲ್ಲದ ಕಾರಣ, ಪೊಲೀಸರ ಕಣ್ಣಿಗೆ ಸ್ನೇಹಿತರ ಕಾರಿನಂತೆ ಕಾಣಲಿ ಎಂಬುದು ಅವರ ಉದ್ದೇಶ.

ಚಿನ್ನದ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಭಾನುವಾರ ಪ್ರವೇಶ ಉಚಿತ. ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಮುಖ್ಯ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಸೈಕಲ್ಲಿಗೆ ಬಿಟ್ಟುಕೊಡುವ ಸಿಕ್ಲೊವಿಯಾ 1970ರ ದಶಕದಿಂದ ನಡೆದುಬಂದಿದೆ. ಅಪರಿಚಿತ ನಗರವನ್ನು ನಿರಾತಂಕವಾಗಿ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಆದರೆ ಬೊಗೊಟಾದಲ್ಲಿ ಒಂದೇ ಸ್ಥಳ ನೋಡಲು ಸಮಯವಿದೆಯೆಂದರೆ ನಾನು ಫ್ರಾಗ್ಮೆಂಟೋಸ್ ಎಂಬ ಸ್ಮಾರಕ ಕಲಾಕೇಂದ್ರದ ಹೆಸರು ಹೇಳುತ್ತೇನೆ. ಫಾರ್ಕ್ ಒಪ್ಪಿಸಿದ 37 ಟನ್ ಬಂದೂಕುಗಳನ್ನು ಕರಗಿಸಿ, ಆ ಲೋಹದ ಹಲಗೆಗಳಿಂದ ಕಲಾವಿದೆ ಡೋರಿಸ್ ಸಾಲ್ಸೆಡೊ ಅಲ್ಲಿ ನೆಲ ಹಾಸಿದ್ದಾರೆ. ಹಲಗೆಗಳ ಅಚ್ಚಿಗೆ ಬೇಕಾದ ತಗಡುಗಳನ್ನು ಸುತ್ತಿಗೆಯಿಂದ ಬಡಿದು ತಗ್ಗುದಿಣ್ಣೆ ಮಾಡಿದವರು ಯುದ್ಧದಲ್ಲಿ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರು. ಬಂದವರು ಆ ನೆಲದ ಮೇಲೆಯೇ ನಡೆಯಬೇಕು.

ಮೆಡೆಯಿನ್‌ನಲ್ಲಿ ಎಸ್ಕೊಬಾರ್ ಹೆಸರಿನ ಪ್ರವಾಸಗಳನ್ನು ಮಾರುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವನ ಚಿತ್ರವಿರುವ ಅಂಗಿ ತೊಟ್ಟು ಓಡಾಡುವುದು ಅವನ ಬಾಂಬುಗಳಿಂದ ಮನೆಯವರನ್ನು ಕಳೆದುಕೊಂಡವರ ಮುಂದೆ ಅತಿ ಅಸಭ್ಯ ವರ್ತನೆ. ನಗರಾಡಳಿತವೇ ಅವನ ಮೊನಾಕೊ ಕಟ್ಟಡವನ್ನು 2019ರಲ್ಲಿ ಉರುಳಿಸಿ ಬಲಿಯಾದವರ ಸ್ಮಾರಕ ಉದ್ಯಾನ ಮಾಡಿತು. ಆ ಕಾಲವನ್ನು ತಿಳಿಯಬೇಕೆಂಬವರು ಅಲ್ಲಿಗೆ ಮತ್ತು ಕಾಸಾ ದೆ ಲಾ ಮೆಮೋರಿಯಾ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1995ರಲ್ಲಿ ಆರಂಭವಾದ ಮೆಟ್ರೊ ಅಲ್ಲಿನವರ ಹೆಮ್ಮೆ, ಅದರೊಳಗೆ ಕಸ ಹಾಕಿದರೆ ಪಕ್ಕದವರೇ ಗದರುತ್ತಾರೆ. ಮೆಟ್ರೊದಿಂದ ಬೆಟ್ಟದ ಬಡಾವಣೆಗಳಿಗೆ ಏರುವ ಕೇಬಲ್ ಕಾರಿನ ಮೊದಲ ಮಾರ್ಗ ತೆರೆದದ್ದು 2004ರಲ್ಲಿ.

ಕೊಮುನಾ 13 ಬಡಾವಣೆಯ ಹೊರಾಂಗಣ ಎಸ್ಕಲೇಟರುಗಳು, ಗೋಡೆಚಿತ್ರಗಳು, ರ‍್ಯಾಪ್ ಹಾಡುಗಾರರು ಇಂದು ನಗರದ ಅತಿ ದೊಡ್ಡ ಆಕರ್ಷಣೆ. ಅಲ್ಲೇ ಬೆಳೆದ ಮಾರ್ಗದರ್ಶಕರೊಂದಿಗೆ ಹಗಲಲ್ಲಿ ಹೋಗಿ, ಮುಖ್ಯ ದಾರಿ ಬಿಟ್ಟು ಒಳಗಿಳಿಯಬೇಡಿ. ಈ ಬಡಾವಣೆಯಲ್ಲಿದ್ದ ಬಂಡುಕೋರರ ವಿರುದ್ಧ ನಡೆದ 2002ರ ಸೇನಾ ಕಾರ್ಯಾಚರಣೆಯ ಹೊತ್ತಿಗೆ ಕಾಣೆಯಾದವರನ್ನು ಎದುರಿನ ಗುಡ್ಡದ ಕಟ್ಟಡ ತ್ಯಾಜ್ಯದ ರಾಶಿಯಲ್ಲಿ ಹೂಳಲಾಗಿದೆ ಎಂದು ತಾಯಂದಿರು ಎರಡು ದಶಕ ಹೇಳುತ್ತಲೇ ಬಂದರು. 2024ರ ಡಿಸೆಂಬರಿನಲ್ಲಿ ಅಲ್ಲಿ ಮಾನವ ಅವಶೇಷಗಳು ಸಿಕ್ಕವು. ಮಾರ್ಗದರ್ಶಕರು ಈ ವಿಷಯ ಎತ್ತಿದರೆ ಫೋಟೊ ತೆಗೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳಿ.

ರಾತ್ರಿಜೀವನದ ವಿಷಯದಲ್ಲಿ ಈ ನಗರಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು. ಸ್ಕೊಪೊಲಮಿನ್ ಎಂಬ ಔಷಧವನ್ನು ಪಾನೀಯದಲ್ಲಿ ಬೆರೆಸಿದರೆ ಕುಡಿದವರ ಇಚ್ಛಾಶಕ್ತಿಯೂ ನೆನಪೂ ಅಳಿಸುತ್ತವೆ, ಹೆಚ್ಚಾದರೆ ಪ್ರಾಣವೂ ಹೋಗುತ್ತದೆ. 2023ರ ಕೊನೆಯ ಎರಡು ತಿಂಗಳಲ್ಲಿ ಮೆಡೆಯಿನ್‌ನಲ್ಲಿ ತನ್ನ ಎಂಟು ಪ್ರಜೆಗಳು ಅನುಮಾನಾಸ್ಪದವಾಗಿ ಸತ್ತರೆಂದೂ ಅವುಗಳಲ್ಲಿ ಹಲವು ಪ್ರಕರಣಗಳಿಗೆ ಡೇಟಿಂಗ್ ಆಪ್‌ಗಳ ನಂಟಿದೆಯೆಂದೂ ಅಮೆರಿಕದ ರಾಯಭಾರ ಕಚೇರಿ ಪ್ರಕಟಿಸಿತ್ತು. ಕಣ್ಣ ಮುಂದೆ ಸುರಿಯದ ಪಾನೀಯವನ್ನು ಮುಟ್ಟಬೇಡಿ, ಆಪ್‌ನಲ್ಲಿ ಪರಿಚಯವಾದವರನ್ನು ಕೋಣೆಗೆ ಕರೆಯಬೇಡಿ. ಮಾದಕವಸ್ತುವಿನ ಹತ್ತಿರ ಸುಳಿಯುವುದಂತೂ ಬೇಡವೇ ಬೇಡ. ಅದರ ಬಗ್ಗೆ ತಮಾಷೆಗೂ ಕೇಳಬೇಡಿ.

ಆಂಡೀಸ್ ಪರ್ವತ ಈ ದೇಶದಲ್ಲಿ ಮೂರು ಸಾಲಾಗಿ ಕವಲೊಡೆದಿರುವುದರಿಂದ ನಕ್ಷೆಯಲ್ಲಿ ಹತ್ತಿರ ಕಾಣುವ ಊರುಗಳೂ ರಸ್ತೆಯಲ್ಲಿ ದೂರ. ಬೊಗೊಟಾದಿಂದ ಮೆಡೆಯಿನ್‌ಗೆ ವಿಮಾನದಲ್ಲಿ ಒಂದು ಗಂಟೆ, ಬಸ್ಸಿನಲ್ಲಿ ಒಂಬತ್ತು ಹತ್ತು ಗಂಟೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಇನ್ನೂ ಹೆಚ್ಚು. ಬಸ್ಸುಗಳ ಹವಾನಿಯಂತ್ರಣ ಎಷ್ಟು ತಣ್ಣಗಿರುತ್ತದೆಂದರೆ ಕರಾವಳಿಗೆ ಹೊರಟವರೂ ಜಾಕೆಟ್ಟನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು. ಕೈಚೀಲವನ್ನು ಮೇಲಿನ ಕಪಾಟಿನಲ್ಲಿಡದೆ ತೊಡೆಯ ಮೇಲಿಟ್ಟುಕೊಳ್ಳಿ. ಮೇಲೆ ಹೇಳಿದ ಕೌಕಾ, ನರಿನ್ಯೊ ಪ್ರಾಂತ್ಯಗಳನ್ನು ಹಾದುಹೋಗುವ ಪೊಪಯಾನ್ ಮತ್ತು ಪಾಸ್ಟೊ ನಡುವಿನ ರಸ್ತೆಯಲ್ಲಿ ಹೋಗಲೇಬೇಕಾದರೆ ಹಗಲಿನಲ್ಲೇ ಮುಗಿಸಿ, ಅಂದಿನ ಸ್ಥಿತಿಯನ್ನು ಬಸ್ ನಿಲ್ದಾಣದಲ್ಲಿ ವಿಚಾರಿಸಿ. ವಿಮಾನ ಹಿಡಿದರೆ ಇನ್ನೂ ಮೇಲು.

ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕಾಫಿ ಸೀಮೆಯಲ್ಲಿ ಈ ಎಚ್ಚರಿಕೆಗಳ ಭಾರ ಕಡಿಮೆ. ಸಲೆಂಟೊ ಊರಿನ ಚೌಕದಿಂದ ಕೊಕೊರಾ ಕಣಿವೆಗೆ ಹಳೆಯ ವಿಲ್ಲಿಸ್ ಜೀಪುಗಳು ಹೊರಡುತ್ತವೆ. ಒಳಗೆ ಜಾಗ ತುಂಬಿದರೆ ಹಿಂಬದಿಯ ಮೆಟ್ಟಿಲ ಮೇಲೆ ಕಬ್ಬಿಣದ ಸರಳು ಹಿಡಿದು ನಿಂತು ಹೋಗುವುದೇ ವಾಡಿಕೆ. ಕಣಿವೆಯಲ್ಲಿ ಅರವತ್ತು ಮೀಟರ್‌ವರೆಗೂ ಬೆಳೆಯುವ ಮೇಣದ ತಾಳೆಮರಗಳಿವೆ, ಇದೇ ಕೊಲಂಬಿಯಾದ ರಾಷ್ಟ್ರೀಯ ವೃಕ್ಷ. ಹುಲ್ಲುಗಾವಲಿನಲ್ಲಿ ದನಗಳು ಮೇಯುವುದರಿಂದ ಎಳೆಯ ಸಸಿಗಳು ಉಳಿಯುವುದಿಲ್ಲ. ಚಿತ್ರಗಳಲ್ಲಿ ಅಷ್ಟು ಸುಂದರವಾಗಿ ಕಾಣುವುದು ಮುಪ್ಪಿನ ಮರಗಳ ಗುಂಪು. ಮಧ್ಯಾಹ್ನ ಮಂಜು ಇಳಿಯುವುದರಿಂದ ಬೆಳಗಿನ ಮೊದಲ ಜೀಪಿಗೇ ಹೊರಡಿ. ತೂಗುಸೇತುವೆಗಳನ್ನು ದಾಟಿ ಸುತ್ತಿ ಬರುವ ದಾರಿಗೆ ಐದಾರು ಗಂಟೆ ಬೇಕು, ಕೆಸರಿಗೆ ರಬ್ಬರ್ ಬೂಟು ಬಾಡಿಗೆಗೆ ಸಿಗುತ್ತದೆ.

ಕರಾವಳಿಯಲ್ಲಿ ಕಾಡುವುದು ಹಿಂಸೆಗಿಂತ ವ್ಯಾಪಾರಿಗಳ ಒತ್ತಾಯ. ಕಾರ್ಟಹೇನಾದ ಕಡಲತೀರಗಳಲ್ಲಿ ರುಚಿ ನೋಡಿ ಎಂದು ಕೊಟ್ಟ ಕಡಲ ಸಿಂಪಿಯ ಮಾಂಸಕ್ಕೂ, ಕೇಳದೆ ಶುರುಮಾಡಿದ ಮಸಾಜಿಗೂ ಆಮೇಲೆ ದೊಡ್ಡ ಮೊತ್ತ ಕೇಳುತ್ತಾರೆ. ಆದ್ದರಿಂದ ಬೆಲೆ ಗೊತ್ತಾಗುವ ಮುನ್ನ ಯಾವುದನ್ನೂ ಸ್ವೀಕರಿಸಬಾರದು. ಟೈರೋನಾ ರಾಷ್ಟ್ರೀಯ ಉದ್ಯಾನವನ್ನು ಆದಿವಾಸಿಗಳ ಕೋರಿಕೆಯಂತೆ ವರ್ಷದಲ್ಲಿ ಕೆಲವು ಬಾರಿ ಮುಚ್ಚುತ್ತಾರೆ, ದಿನಾಂಕ ನೋಡಿಕೊಂಡು ಹೋಗಿ. ಅದರೊಳಗಿನ ಅರೆಸಿಫೆಸ್ ತೀರದ ಸೆಳೆತಕ್ಕೆ ಸಿಕ್ಕಿ ಸತ್ತವರಿದ್ದಾರೆ, ಅಲ್ಲಿ ನೀರಿಗಿಳಿಯಬೇಡಿ. ಸಿಯರಾ ನೆವಾಡಾ ಬೆಟ್ಟದೊಳಗಿನ ಪ್ರಾಚೀನ ನಗರ ಸಿಯುದಾದ್ ಪೆರ್ದಿದಾಗೆ ನಾಲ್ಕೈದು ದಿನಗಳ ಚಾರಣ. ಅಧಿಕೃತ ಸಂಸ್ಥೆಯ ಮೂಲಕವಷ್ಟೇ ಹೋಗಬಹುದು, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಪ್ರವೇಶವಿಲ್ಲ. ದಾರಿಯಲ್ಲಿ ಬಿಳಿಯುಡುಗೆಯ ಕೋಗಿ ಜನರು ಎದುರಾಗುತ್ತಾರೆ. ಅನುಮತಿ ಇಲ್ಲದೆ ಅವರ ಮಕ್ಕಳ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ.

ಸಸ್ಯಾಹಾರಿಗಳು ಮಾಂಸ ಬೇಡ ಎಂದಷ್ಟೇ ಹೇಳಿದರೆ ತಟ್ಟೆಗೆ ಕೋಳಿ ಬಂದೀತು. ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ ಎಂದು ದನ, ಕೋಳಿ, ಮೀನು ಮೂರನ್ನೂ ಬೇರೆ ಬೇರೆಯಾಗಿ ನಿರಾಕರಿಸಬೇಕು. ಕಾಳಿನ ಸಾರಿಗೂ ಹಂದಿಮಾಂಸ ಬಿದ್ದಿರುವ ಸಾಧ್ಯತೆಯಿದೆ. ಮೆಕ್ಕೆಜೋಳದ ರೊಟ್ಟಿಯಾದ ಅರೇಪಾ, ಬಾಳೆಕಾಯಿಯನ್ನು ಚಪ್ಪಟೆ ಮಾಡಿ ಕರಿದ ಪತಕೋನ್, ಚೀಸ್, ಮೊಟ್ಟೆ ಮತ್ತು ಲೆಕ್ಕವಿಲ್ಲದಷ್ಟು ಹಣ್ಣುಗಳಿಂದ ದಿನ ಕಳೆಯುತ್ತದೆ. ಬೊಗೊಟಾ, ಮೆಡೆಯಿನ್‌ಗಳಲ್ಲಿ ನಲ್ಲಿ ನೀರು ಕುಡಿಯಬಹುದು, ಕರಾವಳಿಯಲ್ಲಿ ಬೇಡ.

ಇಷ್ಟಾದರೂ ಯಾರಾದರೂ ಚಾಕು ತೋರಿಸಿದರೆ ಕೇಳಿದ್ದನ್ನು ಕೊಟ್ಟುಬಿಡಿ. ಪ್ರತಿರೋಧಿಸಿದವರೇ ಹೆಚ್ಚಾಗಿ ಗಾಯಗೊಳ್ಳುತ್ತಾರೆ. ಇದಕ್ಕಾಗಿಯೇ ಅಸಲಿ ಪಾಸ್‌ಪೋರ್ಟು, ಎರಡನೆಯ ಕಾರ್ಡು ಮತ್ತು ಸ್ವಲ್ಪ ಡಾಲರನ್ನು ಕೋಣೆಯ ಲಾಕರಿನಲ್ಲಿಟ್ಟು, ಪಾಸ್‌ಪೋರ್ಟಿನ ನಕಲು ಮತ್ತು ಆ ದಿನದ ಖರ್ಚಿನ ಹಣದೊಂದಿಗೆ ಹೊರಡಬೇಕು. ತುರ್ತು ಸಹಾಯಕ್ಕೆ ದೇಶದಾದ್ಯಂತ 123ಕ್ಕೆ ಕರೆ ಮಾಡಿ. ದೆನುನ್ಸಿಯಾ ಎಂಬ ಪೊಲೀಸ್ ದೂರಿನ ಪ್ರತಿ ಇಲ್ಲದೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲವಾದ್ದರಿಂದ, ಊರು ಬಿಡುವ ಮೊದಲೇ ಅದನ್ನು ಪಡೆದುಕೊಳ್ಳಿ.