ಹೆಚ್ಚುವ ಹಲಗೆಗೆ ಗಾಳಿ, ಚಾಕುವಿಗೆ ಒಣಬಟ್ಟೆ

ಕಳೆದ ಜೂನ್‌ನಲ್ಲಿ ಊರಿನಿಂದ ಹಲಸಿನಹಣ್ಣು ಬಂತು. ರಾತ್ರಿ ಅದನ್ನು ಕೊಯ್ದು, ತೊಳೆ ಬಿಡಿಸುವಷ್ಟರಲ್ಲಿ ಸುಸ್ತಾಗಿತ್ತು. ಮೇಣ ಮೆತ್ತಿದ್ದ ಚಾಕುವನ್ನೂ ಹಲಗೆಯನ್ನೂ ನೀರು ತುಂಬಿದ ಟಬ್ಬಿನಲ್ಲಿ ಮುಳುಗಿಸಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮೇಣ ಕದಲದೆ ಕುಳಿತಿತ್ತು. ಕಮ್ಮಾರನಿಂದ ಮಾಡಿಸಿದ್ದ ಚಾಕುವಿನ ಮೈತುಂಬ ಕೆಂಪು ತುಕ್ಕಿನ ಚುಕ್ಕೆ. ಹಲಗೆಯಂತೂ ನೀರು ಕುಡಿದು ಊದಿ, ಒಣಗಿದ ಮೇಲೆ ಬಾಗಿ, ಅಡುಗೆಕಟ್ಟೆಯ ಮೇಲಿಟ್ಟು ಈರುಳ್ಳಿ ಹೆಚ್ಚಲು ಹೋದರೆ ಟಕಟಕ ಕುಣಿಯತೊಡಗಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ನೆನೆಹಾಕುವುದು ಅಕ್ಕಿ ಮತ್ತು ಉದ್ದಿನಬೇಳೆಗೆ ಮಾತ್ರ. ಮರ ಮತ್ತು ಕಬ್ಬಿಣ ಕೊಳೆಯಿಂದ ಕೆಡುವುದು ಕಡಿಮೆ, ಮೈಮೇಲೆ ನಿಂತ ನೀರಿನಿಂದ ಕೆಡುವುದೇ ಹೆಚ್ಚು.

ದಿನನಿತ್ಯದ ತೊಳೆತ

ಹೆಚ್ಚುವ ಕೆಲಸ ಮುಗಿದ ಕೂಡಲೇ, ಒಗ್ಗರಣೆಗೆ ಎಣ್ಣೆ ಕಾಯುವಷ್ಟರೊಳಗೆ, ಹಲಗೆಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ, ಸ್ಪಂಜು ಅಥವಾ ತೆಂಗಿನ ನಾರು, ಬಿಸಿ ನೀರು ಸಾಕು. ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ.

ಬಹಳ ಮಂದಿ ತರಕಾರಿ ಹೆಚ್ಚಿದ ಮೇಲ್ಮುಖವನ್ನಷ್ಟೇ ತೊಳೆಯುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಒಂದು ಮುಖ ಮಾತ್ರ ನೆನೆದರೆ ಅದು ಹಿಗ್ಗುತ್ತದೆ, ಇನ್ನೊಂದು ಮುಖ ಇದ್ದಂತೆ ಇರುತ್ತದೆ, ನಡುವೆ ಹಲಗೆ ಬಾಗುತ್ತದೆ. ಎರಡೂ ಮುಖ ಒದ್ದೆ ಮಾಡಿ, ಎರಡನ್ನೂ ಬಟ್ಟೆಯಿಂದ ಒರೆಸಿ. ಆಮೇಲೆ ಕಟ್ಟೆಯ ಮೇಲೆ ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ, ಎರಡೂ ಕಡೆ ಗಾಳಿಯಾಡುವಂತೆ ಬಿಡಿ. ಗೋಡೆಗೆ ಆನಿಸಿದರೆ ಆನಿಸಿದ ಭಾಗ ಒಣಗದೆ ಅಲ್ಲಿಂದಲೇ ಬೂಷ್ಟು ಶುರುವಾಗುತ್ತದೆ. ಪ್ಲೇಟ್ ಸ್ಟ್ಯಾಂಡಿನ ಒಂದು ಸಂದು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಲೆನಾಡು, ಕರಾವಳಿಯ ಆಷಾಢದಲ್ಲಿ ಯಾವುದೂ ಒಣಗುವುದಿಲ್ಲ ಎನ್ನುವವರು ಹಲಗೆಯನ್ನು ಹತ್ತು ನಿಮಿಷ ಫ್ಯಾನಿನ ಕೆಳಗೆ ನಿಲ್ಲಿಸಬಹುದು. ಒಲೆಯ ಪಕ್ಕಕ್ಕೆ ಬೇಡ, ಸೀಳುತ್ತದೆ.

ಮೀನು, ಮಾಂಸ, ಮೊಟ್ಟೆ

ಇಲ್ಲಿ ಕ್ರಮ ಬೇರೆ. ಮೊದಲು ತಣ್ಣೀರು, ಆಮೇಲೆ ಸೋಪು ಮತ್ತು ಬಿಸಿನೀರು. ಬಿಸಿನೀರನ್ನೇ ಮೊದಲು ಹುಯ್ದರೆ ರಕ್ತದ, ಮೊಟ್ಟೆಯ ಅಂಶ ಬೆಂದು ಅಂಟಿಕೊಳ್ಳುತ್ತದೆ. ಮೀನಿನ ವಾಸನೆಗೆ ಹುಣಸೆಹುಳಿ ಅಥವಾ ವಿನೆಗರ್ ಸವರಿ ಎರಡು ನಿಮಿಷ ಬಿಟ್ಟು ತೊಳೆಯಿರಿ. ಆ ವಾಸನೆಯ ಮೂಲವಸ್ತು ಕ್ಷಾರ ಗುಣದ್ದು, ಹುಳಿ ಅದನ್ನು ಅಡಗಿಸುತ್ತದೆ. ಕರಾವಳಿಯ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸೋಪಿನ ನಂತರ ಕ್ರಿಮಿನಾಶವೂ ಆಗಬೇಕೆಂದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಪರಿಮಳವಿಲ್ಲದ ಬ್ಲೀಚ್ ದ್ರಾವಣ ಬೆರೆಸಿ, ಹಲಗೆಯ ಮೇಲೆ ಸುರಿದು, ಕೆಲವು ನಿಮಿಷದ ನಂತರ ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚ್ ಜೊತೆಗೆ ನಿಂಬೆ, ವಿನೆಗರ್ ಯಾವುದೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಆಟದ ಮಾತಲ್ಲ. ಮಾಂಸಕ್ಕೆ ಪ್ರತ್ಯೇಕ ಹಲಗೆ ಇಡುವುದು ಎಲ್ಲಕ್ಕಿಂತ ಸುಲಭ. ಒಂದೇ ಹಲಗೆ ಇದ್ದರೆ ಸೌತೆಕಾಯಿ ಮೊದಲು, ಕೋಳಿ ಆಮೇಲೆ.

‘ಮರ ಕ್ರಿಮಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್ಕೇ ವಾಸಿ’ ಎಂದು ಹಲಗೆ ಬಿಸಾಡಿದವರು ನನ್ನ ಬಳಗದಲ್ಲೇ ಇದ್ದಾರೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದ್ದರು. ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾ ಒಳಗೆ ಇಂಗಿ, ಅಲ್ಲಿ ಸಂತತಿ ಬೆಳೆಸಲಾಗದೆ ಕ್ರಮೇಣ ಸಾಯುತ್ತವೆ ಎಂಬುದು ಅವರಿಗೆ ಕಂಡದ್ದು. ಹೊಸ ಪ್ಲಾಸ್ಟಿಕ್ ಹಲಗೆಯನ್ನು ಸ್ವಚ್ಛ ಮಾಡುವುದು ಸುಲಭ, ಚಾಕುವಿನ ಗೀರು ಬಿದ್ದ ಹಳೆಯದು ಮಾತ್ರ ಕೈಯಲ್ಲಿ ಉಜ್ಜಿದರೆ ಜಗ್ಗುವುದಿಲ್ಲ ಎಂದೂ ಅವರು ಕಂಡರು. ಹಾಗೆಂದು ಮರದ ಹಲಗೆಯನ್ನು ತೊಳೆಯದೆ ಇಡಬಹುದು ಎಂದು ಅರ್ಥ ಮಾಡಿಕೊಳ್ಳಬೇಡಿ.

ಕಲೆ ಮತ್ತು ವಾಸನೆ

ಬೆಳ್ಳುಳ್ಳಿ ವಾಸನೆ ಹೋಗದಿದ್ದರೆ ಕಲ್ಲುಪ್ಪು ಉದುರಿಸಿ, ರಸ ಹಿಂಡಿದ ನಿಂಬೆ ಹೋಳಿನಿಂದ ತಿಕ್ಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ವಾಸನೆಗೆ ಇದು ಚೆನ್ನಾಗಿ ನಾಟುತ್ತದೆ. ನಿಂಬೆಯೇ ಕ್ರಿಮಿಗಳನ್ನೂ ಕೊಂದುಬಿಡುತ್ತದೆ ಎಂಬ ಭರವಸೆ ಬೇಡ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಬರಿಸುವ ವಿಡಿಯೊಗಳು ನೋಡಲು ಚೆಂದ, ಅಷ್ಟೆ. ಎರಡೂ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಒಂದು ಬಗೆಯ ಲವಣ ಕರಗಿದ ನೀರು. ಸೋಡಾ ಒಂದನ್ನೇ ನೀರಲ್ಲಿ ಕಲಸಿ ಹಚ್ಚಿದರೆ ಹೆಚ್ಚು ಪ್ರಯೋಜನ. ಅರಿಸಿನದ ಹಳದಿಗೆ ಇವು ಯಾವುದೂ ಬೇಡ, ಬಿಸಿಲಿಗೆ ಅದರ ಬಣ್ಣ ತಾನಾಗಿ ಮಾಸುತ್ತದೆ. ನಾಲ್ಕೈದು ದಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿ.

ಹಲಗೆಗೆ ಎಣ್ಣೆ

ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಮಣಿಯಂತೆ ನಿಂತರೆ ಎಣ್ಣೆ ಇನ್ನೂ ಇದೆ, ಕೂಡಲೇ ಇಂಗಿದರೆ ಹಲಗೆ ಹಸಿದಿದೆ.

ಯಾವ ಎಣ್ಣೆ? ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ ಬೇಡ, ಕೆಲವು ವಾರಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ನಾನು ಬಳಸುವುದು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆಂದು ಮಾರುವ ಈ ಬಾಟಲಿಯನ್ನು ಹಲಗೆಗೆ ಎಂದು ಕೇಳಿದಾಗ ಅಂಗಡಿಯವರು ಕನ್ನಡಕದ ಮೇಲಿನಿಂದ ನೋಡಿದರು. ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಭಾರತದ ಔಷಧ ಗುಣಮಟ್ಟದ ಗ್ರಂಥ) ಎಂದು ನಮೂದಿಸಿರುವ, ಪಾರದರ್ಶಕವಾದ ಅಪ್ಪಟ ಎಣ್ಣೆಯೇ ಆಗಬೇಕು. ಬೇರೆ ಔಷಧಿ ಬೆರೆತ ಬಿಳಿಯ ದ್ರವ ಬೇಡ. ಕೊಬ್ಬರಿ ಎಣ್ಣೆಯೂ ಉಳಿದ ಅಡುಗೆ ಎಣ್ಣೆಗಳಷ್ಟು ಬೇಗ ಕೆಡುವುದಿಲ್ಲ, ಆದರೆ ಚಳಿಗಾಲದಲ್ಲಿ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ತುಸು ಬೆಚ್ಚಗೆ ಮಾಡಿ ಹಚ್ಚಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ‘ಕಾಯಿಸಿದ’ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಅದು ಬಾಗಿಲು ಕಿಟಕಿಗಿರಲಿ.

ತೊಳೆದ ಹಲಗೆಯನ್ನು ಒಂದು ದಿನ ಪೂರ್ತಿ ಒಣಗಿಸಿ. ಎರಡು ಚಮಚ ಎಣ್ಣೆ ಸುರಿದು ಹತ್ತಿಬಟ್ಟೆಯಿಂದ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ತಿಕ್ಕಿ. ಎಳೆಗಳು ಕತ್ತರಿಸಿ ಕೊನೆಯಾಗುವ ಎರಡು ತುದಿಗಳು ಅತಿ ಹೆಚ್ಚು ಎಣ್ಣೆ ಕುಡಿಯುತ್ತವೆ. ಸೀಳು ಬಿಡುವುದೂ ಅಲ್ಲಿಂದಲೇ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮಿಕ್ಕಿದ್ದನ್ನು ಒರೆಸಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸಾಕು.

ಚಾಕುವಿನ ಸರದಿ

ಸೋಪಿನ ನೊರೆ ತುಂಬಿದ ಸಿಂಕಿನೊಳಗೆ ಚಾಕು ಹಾಕಬಾರದು. ಕಾಣದ ಅಲಗು ಮುಂದಿನವರ ಕೈ ಕುಯ್ಯುತ್ತದೆ. ಬೆನ್ನು ಅಂಗೈ ಕಡೆಗಿರುವಂತೆ ಹಿಡಿದು, ಸ್ಪಂಜನ್ನು ಬೆನ್ನಿನಿಂದ ಬಾಯಿಯ ಕಡೆಗೆ ಎಳೆಯಿರಿ. ಸ್ಟೀಲ್ ನಾರು ಬೇಡ. ಅಲಗು ಹಿಡಿಯೊಳಗೆ ಹೊಗುವ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ. ಅಲ್ಲಿ ಕೂತ ಕಪ್ಪು ಜಿಡ್ಡನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಅದೇ ಬ್ರಷ್ ತುರಿಯುವ ಮಣೆಯ ಹಲ್ಲುಗಳ ನಡುವೆ ಒಣಗಿದ ಕಾಯಿತುರಿಗೂ, ಈಳಿಗೆಮಣೆಯ ಬುಡಕ್ಕೂ ಆಗುತ್ತದೆ. ತೊಳೆದು ಒಣಬಟ್ಟೆಯಿಂದ ಒರೆಸಿ. ‘ತಾನಾಗಿ ಒಣಗಲಿ’ ಎಂಬ ಮಾತು ಹಲಗೆಗೆ ಸರಿ, ಚಾಕುವಿಗೆ ಸಲ್ಲದು.

ಹಲಸಿನ ಮೇಣಕ್ಕೆ ನೀರು ಹತ್ತುವುದಿಲ್ಲ, ಎಣ್ಣೆ ಹತ್ತುತ್ತದೆ. ಕೊಯ್ಯುವ ಮೊದಲೇ ಅಲಗಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಮರೆತಿದ್ದರೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಹಳೆಯ ಪತ್ರಿಕೆಯಿಂದ ಒರೆಸಿ, ಕೊನೆಗೆ ಸೋಪು.

ಸ್ಟೇನ್‌ಲೆಸ್ ಚಾಕುವಿನ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ, ತುಕ್ಕನ್ನು ತಡೆಯುವುದು ಅದೇ. ಆದರೂ ಉಪ್ಪು, ನಿಂಬೆರಸ ರಾತ್ರಿಯಿಡೀ ಮೆತ್ತಿಕೊಂಡಿದ್ದರೆ ಅದಕ್ಕೂ ಸಣ್ಣ ಗುಳಿ ಬೀಳಬಹುದು. ಕಮ್ಮಾರನ ಚಾಕು, ಕತ್ತಿಗಳ ಕತೆ ಬೇರೆ. ಬಾಳೆಕಾಯಿ ಹೆಚ್ಚಿದರೆ ಅವು ಕಪ್ಪಾಗುತ್ತವೆ, ಕಾಯಿಯ ಒಗರು ಕಬ್ಬಿಣದೊಂದಿಗೆ ಸೇರಿದ ಬಣ್ಣ ಅದು. ಅದನ್ನು ಬಿಟ್ಟುಬಿಡಿ. ತೆಗೆಯಬೇಕಾದದ್ದು ಕೆಂಪು ತುಕ್ಕನ್ನು: ಹುಣಸೆಹಣ್ಣು, ಉಪ್ಪು ಕಲಸಿ ಹಚ್ಚಿ ಕಾಲು ಗಂಟೆಯ ನಂತರ ಬೆಂಡಿನ ಬಿರಡೆಯಿಂದ ಉಜ್ಜಿ, ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ. ಇಡುವಾಗ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಮಡಚಿ ಅಂಟಿಸಿ ಒರೆ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಇದಕ್ಕೆ ಕೊರತೆ ಬಿದ್ದದ್ದಿಲ್ಲ. ಸಾಣೆ ಹಿಡಿಸಿದ ದಿನ ಚಾಕುವನ್ನು ತೊಳೆಯದೆ ಬಳಸಬೇಡಿ, ಲೋಹದ ಪುಡಿ ಅಂಟಿರುತ್ತದೆ.

ಇನ್ನು ಕುಣಿಯುತ್ತಿದ್ದ ನನ್ನ ಹಲಗೆ. ಅದನ್ನು ತಗ್ಗಿರುವ ಮುಖ ಕೆಳಗಾಗಿ ಒದ್ದೆಬಟ್ಟೆಯ ಮೇಲೆ ಒಂದು ರಾತ್ರಿ ಬೋರಲು ಹಾಕಿಟ್ಟೆ. ತಗ್ಗಿನ ಕಡೆ ಹಿಗ್ಗಿ, ಬೆಳಿಗ್ಗೆಗೆ ಮುಕ್ಕಾಲು ಪಾಲು ನೇರವಾಗಿತ್ತು. ಆಮೇಲೆ ಎರಡು ದಿನ ನಿಲ್ಲಿಸಿ ಒಣಗಿಸಿ, ಮೊದಲು 120, ನಂತರ 220 ಸಂಖ್ಯೆಯ ಸ್ಯಾಂಡ್ ಪೇಪರಿನಿಂದ ಉಜ್ಜಿ ಎಣ್ಣೆ ಕುಡಿಸಿದೆ. ಉಳಿದ ಕಾಲು ಪಾಲಿಗೆ ಈಗಲೂ ಹೆಚ್ಚುವಾಗ ಅಡಿಗೊಂದು ಮಡಚಿದ ಕೈಬಟ್ಟೆ ಇಡುತ್ತೇನೆ.